ನೀಮಾ ಹುಡುಕಿಕೊಂಡು ಬಂದ ಹಗೇವು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಕೋಲುಗಳು ತೂಗುತ್ತಿವೆ. ಒಂದು ಮುದ್ದೆ ತಿರುವುವ ಹಿಟ್ಟಿನ ಕೋಲು. ನಮ್ಮ ಕಡೆ ಯಾರ ಮನೆಗೆ ಹೋದರೂ ಇರುವಂಥದ್ದು. ಗುಂಡಗೆ, ನೆಟ್ಟಗೆ, ಹಿಡಿಯುವ ಜಾಗದಲ್ಲಿ ಕೈಬೆವರಿಗೆ ಕಪ್ಪಾದದ್ದು. ಇನ್ನೊಂದು ಚಪ್ಪಟೆ. ನೋಡಿದವರು ಅದನ್ನು ದೋಣಿಯ ಹುಟ್ಟಿನ ಮರಿ ಅಂದುಕೊಳ್ಳುತ್ತಾರೆ. ನಾವಿರುವುದು ಶ್ರೀರಂಗಪಟ್ಟಣದ ಗಂಜಾಂನಲ್ಲಿ, ಮನೆಯಿಂದ ನಾಲ್ಕು ಹೆಜ್ಜೆ ಇಳಿದರೆ ಹೊಳೆ, ಹಾಗಾಗಿ ಅವರ ಊಹೆಯನ್ನೂ ತಳ್ಳಿಹಾಕುವಂತಿಲ್ಲ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದವರೊಬ್ಬರು ಹೆಪ್ಪಿಗೆ ಮೊಸರು ಕೇಳಲು ಬಂದು, "ಇದೇನು ಮೇಡಂ, ಮಕ್ಕಳಿಗೆ ಹೊಡೆಯೋಕಾ?" ಎಂದರು. ಟೀಚರ ಮನೆ ಅಂದಮೇಲೆ ಜನಕ್ಕೆ ಕೋಲಿನ ಉಪಯೋಗ ಒಂದೇ. ನಾನು ನಕ್ಕು, ಅದು ಟಾಂಜಾನಿಯಾದ ಹಿಟ್ಟಿನ ಕೋಲು ಎಂದೆ. ಅವರು ಮೊಸರು ಮರೆತು ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕತೆ ಮುಗಿಯುವ ಹೊತ್ತಿಗೆ ಅವರ ಮನೆಯಲ್ಲಿ ಕಾಯಿಸಿಟ್ಟ ಹಾಲು ಪೂರ್ತಿ ಆರಿಹೋಗಿತ್ತು. ನಿಮ್ಮ ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬನ್ನಿ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವಳು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಆಫ್ರಿಕಾ ಬರೆಯುತ್ತೇನೆ. ಬರೆದೂ ಬರೆದೂ ಈಗ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಹುಡುಗರು ಅದನ್ನು ಗೋಡಂಬಿ ಎನ್ನುತ್ತಾರೆ. ಆ ಗೋಡಂಬಿಯೊಳಗೆ ಯಾವ ನದಿ ಎಲ್ಲಿ ಹುಟ್ಟುತ್ತದೆ, ಯಾವ ದ್ವೀಪದಲ್ಲಿ ಲವಂಗ ಬೆಳೆಯುತ್ತದೆ, ಎಲ್ಲ ಬಾಯಿಪಾಠ. ಆದರೆ ಅಲ್ಲಿಯ ಒಬ್ಬರ ಜೊತೆಯೂ ನಾನು ಮಾತಾಡಿದ್ದಿಲ್ಲ. ಹೀಗಿರುವಾಗ ಮೈಸೂರಿನಲ್ಲಿ ಪಾಠ ಹೇಳುವ ನನ್ನ ಹಳೆಯ ಗೆಳತಿ ಫೋನು ಮಾಡಿದಳು. ಅವಳ ಕೈಕೆಳಗೆ ಎಂ.ಎಸ್ಸಿ. ಓದುತ್ತಿರುವ ಟಾಂಜಾನಿಯಾದ ಒಬ್ಬ ಹುಡುಗಿ ರಾಗಿ ಕೂಡಿಡುವ ಹಳೆಯ ವಿಧಾನಗಳ ಮೇಲೆ ಪ್ರಬಂಧ ಬರೆಯಬೇಕಂತೆ, ನಮ್ಮ ಈ ತಾಲ್ಲೂಕುಗಳಲ್ಲಿ ಓಡಾಡಬೇಕಂತೆ, ಕೆಲವು ತಿಂಗಳಿಗೆ ಒಂದು ರೂಮು ಬೇಕಂತೆ. ಫೋನಿನಲ್ಲಿ ಆಗಲಿ ಅಂದ ಎರಡು ಮೂರು ಮನೆಯವರು ಹುಡುಗಿಯ ಮುಖ ನೋಡಿದ ಮೇಲೆ ನೆಂಟರು ಬರುತ್ತಾರೆ ಅಂದುಬಿಟ್ಟಿದ್ದರಂತೆ.

ನಾನು ಆಗಲೇ ಒಪ್ಪಿದೆ. ದೊಡ್ಡ ಮನಸ್ಸಿನಿಂದ ಅಂತ ಹೇಳಿಕೊಳ್ಳುವ ಆಸೆ ಇದೆ, ಆದರೆ ನಿಜವಾದ ಕಾರಣ ಕುತೂಹಲ. ನಮ್ಮ ಯಜಮಾನರು, ಆ ಮಗು ಏನು ತಿನ್ನುತ್ತದೆ ಎಂದು ಕೇಳಿದರು. ನನಗೆ ಲವಂಗ ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ.

ಅವಳು ಬಂದಾಗ ಬಾಗಿಲು ತೆಗೆದವರೂ ಅವರೇ. ನಿಮ್ಮ ಹೆಸರೇನಮ್ಮಾ ಎಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಅವಳು, "ನೀಮಾ" ಎಂದಳು. ಯಜಮಾನರಿಗೆ ಅದು 'ನಿಮ್ಮ' ಎಂದು ಕೇಳಿಸಿತು. "ಹೂಂ, ನಿಮ್ಮದೇ" ಎಂದರು. ಅವಳು ಮತ್ತೆ "ನೀಮಾ" ಎಂದಳು. ಇವರು ಮತ್ತೆ "ನಿಮ್ಮದೇ ಕಣಮ್ಮ" ಎಂದರು. ನಾನು ಹೋಗಿ ಬಿಡಿಸದಿದ್ದರೆ ಇಬ್ಬರೂ ಸಂಜೆವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದರು. ಎತ್ತರದ ಹುಡುಗಿ, ಸಣ್ಣಗೆ ಹೆಣೆದ ನೂರಾರು ಜಡೆ, ಮಾತಾಡುವ ಮುಂಚೆ ಒಂದು ಗಳಿಗೆ ಎದುರಿಗಿರುವವರ ಮುಖ ನೋಡುವ ಅಭ್ಯಾಸ.

ನಮ್ಮ ಕಡೆಯ ಮಕ್ಕಳು ಹೊರದೇಶಕ್ಕೆ ಓದಲು ಹೋಗುವುದು ನಿಮಗೂ ಗೊತ್ತು, ನನಗೂ ಗೊತ್ತು. ಮೆಣಸಿನಪುಡಿ ಕಟ್ಟಿಕೊಡುತ್ತೇವೆ, ಏರ್‌ಪೋರ್ಟಿಗೆ ಒಂದು ಟೆಂಪೋ ಜನ ಹೋಗಿ ಅತ್ತು ಬರುತ್ತೇವೆ. ಆದರೆ ಗಂಜಾಂ ಕೂಡ ಒಬ್ಬರಿಗೆ ಹೊರದೇಶ ಆಗಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವಳ ಜೊತೆ ಪೇಟೆಗೆ ಹೋದರೆ ನನಗೇ ಊರು ಬೇರೆಯಾಗಿ ಕಾಣುತ್ತಿತ್ತು. ಅಷ್ಟು ಚೆಂದ ರಂಗೋಲಿ ಹಾಕಿ ಅದರ ಮೇಲೇ ಯಾಕೆ ನಡೆಯುತ್ತೀರಿ ಎಂದು ಕೇಳುವಳು. ದಾರಿಯಲ್ಲಿ ಸಿಕ್ಕವರೆಲ್ಲ ಊಟ ಆಯ್ತಾ ಅನ್ನುತ್ತಾರೆ, ಇಲ್ಲ ಅಂದರೆ ಕರೆದುಕೊಂಡು ಹೋಗುತ್ತಾರಾ ಎನ್ನುವಳು. ಒಂದು ದಿನ ಪರೀಕ್ಷೆ ಮಾಡಿಯೂ ನೋಡಿದಳು. ನಿಮಿಷಾಂಬ ಗುಡಿಯ ಹತ್ತಿರ ಹೂವು ಮಾರುವ ಹೆಂಗಸು ಕೇಳಿದಾಗ ಇಲ್ಲ ಎಂದಳಂತೆ. ಆ ಹೆಂಗಸು ನಿಜವಾಗಿಯೂ ಕರೆದುಕೊಂಡು ಹೋಗಿ ಉಪ್ಸಾರು ಹಾಕಿ ಉಣ್ಣಿಸಿ ಕಳಿಸಿದಳು. ಖಾರಕ್ಕೆ ಮೂಗು ಸುರಿಸಿಕೊಂಡು ಮನೆಗೆ ಬಂದ ನೀಮಾ, ಇನ್ನುಮೇಲೆ ಆಯ್ತು ಅಂತಲೇ ಹೇಳುತ್ತೇನೆ ಮೇಡಂ ಎಂದಳು.

ಮೊದಲ ವಾರ ನಾನು ಹೆದರಿ ಹೆದರಿ ಅನ್ನ, ಚಪಾತಿ ಎಂದು ಕಾಲ ತಳ್ಳಿದೆ. ಒಂದು ದಿನ ಪಾತ್ರೆಯಲ್ಲಿ ಮುದ್ದೆ ತಿರುವುತ್ತಿದ್ದಾಗ ಅವಳು ಬಂದು ಹಿಂದೆ ನಿಂತಳು. ತಿರುಗಿ ನೋಡಿದರೆ ಅವಳ ಮುಖವೆಲ್ಲ ಅರಳಿತ್ತು. "ಉಗಾಲಿ" ಎಂದಳು. ಅವಳ ಊರು ಸಿಂಗಿದಾ ಎಂಬ ಒಣಸೀಮೆಯಲ್ಲಿ ಮನೆಮನೆಯಲ್ಲೂ ಹೀಗೇ ಹಿಟ್ಟು ತಿರುವಿ ಮಾಡುತ್ತಾರಂತೆ, ರಾಗಿಯದೂ ಮಾಡುತ್ತಾರಂತೆ. ನನ್ನ ಕೈಯಿಂದ ಕೋಲು ಇಸಿದುಕೊಂಡು ತಾನೇ ತಿರುವಿದಳು. ಒಂದೇ ಒಂದು ಗಂಟಿಲ್ಲ. ಆಮೇಲೆ ತಟ್ಟೆಯ ಮುಂದೆ ಕೂತು ಅದನ್ನು ಅಗಿಯತೊಡಗಿದಳು. ಅಗಿಯಬಾರದು, ನುಂಗಬೇಕು ಎಂದು ನಾನು ಬುದ್ಧಿ ಹೇಳಿದೆ. ಅವಳು ಪಾಪ ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಳು.

ಬುದ್ಧಿ ಹೇಳುವ ಯೋಗ್ಯತೆ ನನಗೂ ಇರಲಿಲ್ಲ ಅನ್ನಿ. ನನ್ನ ತವರು ಪಾಂಡವಪುರದ ನಾಲೆ ಬಯಲು, ಎರಡು ಹೊತ್ತೂ ಅನ್ನದ ಮನೆ. ನಾಗಮಂಗಲ ತಾಲ್ಲೂಕಿನ ದೇವಲಾಪುರಕ್ಕೆ ಸೊಸೆಯಾಗಿ ಹೋದ ಹೊಸದರಲ್ಲಿ ನಾನೂ ಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಿದ್ದೆ. ನಮ್ಮತ್ತೆ ಕೆಂಪಮ್ಮ ಅದನ್ನು ನೋಡಿ, ಈ ಹುಡ್ಗಿ ಮೆಲುಕಾಡ್ತಾಳೆ, ಹಟ್ಟೀಲಿ ಕಟ್ಟಾಕ್ರಪ್ಪ ಎಂದಿದ್ದರು.

ಈಗ ಹಗೇವಿನ ವಿಷಯ. ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ಮಣ್ಣಿನಲ್ಲಿ ಹೂಜಿಯ ಹಾಗೆ ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ ಬರುವಂತೆ ತೋಡಿ, ಸುತ್ತಲೂ ಹುಲ್ಲು ಕೊಟ್ಟು ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಎಷ್ಟೋ ವರ್ಷ ರಾಗಿ ಕೆಡುತ್ತಿರಲಿಲ್ಲ. ನೀಮಾಳ ಪ್ರಬಂಧ ಇದರ ಮೇಲೇ. ಆದರೆ ನನ್ನ ಗೆಳತಿ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದ್ದಳು: ಒಂದಾದರೂ ಹಗೇವಿನ ಒಳಗನ್ನು ಕಣ್ಣಾರೆ ಕಂಡು, ಅಳತೆ ತೆಗೆದು, ಮಣ್ಣು ತಂದರೆ ಸರಿ, ಇಲ್ಲದಿದ್ದರೆ ಅದು ಬರೀ ಕೇಳಿದ ಮಾತು, ಪ್ರಬಂಧ ಅನ್ನಿಸಿಕೊಳ್ಳುವುದಿಲ್ಲ. ನೀಮಾಳ ವೀಸಾ ಮುಗಿಯುವ ಮುಂಚೆ ಇದೆಲ್ಲ ಆಗಬೇಕಿತ್ತು.

ಭಾನುವಾರ ಬಂತೆಂದರೆ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು; ಅವಳು ಪ್ರಶ್ನೆ ಕೇಳುವವಳು, ನಾನು ದುಭಾಷಿ. ಬಿಂಡಿಗನವಿಲೆ ಕಡೆ ಒಬ್ಬರು ತಮ್ಮ ಹಗೇವು ತೋರಿಸುತ್ತೇನೆಂದು ಕರೆದುಕೊಂಡು ಹೋಗಿ ಪಾಯಿಖಾನೆ ಗುಂಡಿ ತೋರಿಸಿದರು. ಮೊದಲು ಅದೇ ಆಗಿತ್ತಂತೆ, ಅನುಕೂಲವಾಗಿದೆ ಅಂತ ಬದಲಾಯಿಸಿಕೊಂಡರಂತೆ. ಇನ್ನೊಂದು ಊರಿನಲ್ಲಿ ಹಗೇವುಗಳ ಮೇಲೇ ರಸ್ತೆ ಹೋಗಿತ್ತು. ಒಬ್ಬ ಮುದುಕರು ಡಾಂಬರಿನ ಮೇಲೆ ನಿಂತು ಕಾಲಿನಿಂದ ತಟ್ಟಿ, ಇಲ್ಲಿ ನಮ್ಮದು, ಅಲ್ಲಿ ಅವರದು ಎಂದು ತೋರಿಸುತ್ತಿದ್ದರು, ಹಿಂದೆ ಲಾರಿ ಹಾರನ್ನು ಬಾರಿಸುತ್ತಿತ್ತು. ಎಲ್ಲ ಕಡೆಯೂ ಜನಕ್ಕೆ ಹಗೇವಿಗಿಂತ ನೀಮಾಳ ಜಡೆಯ ಮೇಲೇ ಹೆಚ್ಚು ಆಸಕ್ತಿ. ಹೆಂಗಸರು ಮುಟ್ಟಿ ನೋಡಿ, ಎಣ್ಣೆ ಹೆಂಗೆ ಹಚ್ಕೊತೀಯವ್ವ ಎಂದು ವಿಚಾರಿಸುವರು. ಅದಕ್ಕೆ ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾನು ಒಂದು ಉತ್ತರ ಕೊಟ್ಟರೆ ಅವರು ನನಗೆ ಎರಡು ಉತ್ತರ ಕೊಡುತ್ತಾರೆ ಎನ್ನುತ್ತಿದ್ದಳು.

ಕೆ.ಆರ್. ಪೇಟೆ ಹತ್ತಿರದ ಒಂದು ಬಸ್‌ಸ್ಟಾಪಿನಲ್ಲಿ ಮಾತ್ರ ಬೇರೆ ಥರ ಆಯಿತು. ನಾಲ್ಕೈದು ಗಂಡಸರು ಕೇಳದೆಯೇ ಅವಳ ಪಕ್ಕ ನಿಂತು ಫೋಟೋ ತೆಗೆದುಕೊಂಡರು. ಅವಳ ಬಣ್ಣದ ಬಗ್ಗೆ ಏನೋ ಅಂದುಕೊಂಡು ನಕ್ಕರು. ಏನೆಂದು ಇಲ್ಲಿ ಬರೆಯುವುದಿಲ್ಲ. ಬಸ್ಸು ಹತ್ತಿದ ಮೇಲೆ ಅವಳು, ಅವರೇನು ಹೇಳಿದರು ಎಂದು ಕೇಳಿದಳು. ನೀನು ಎತ್ತರ ಇದ್ದೀಯ ಅಂದರು ಎಂದೆ. ಅವಳು ಕಿಟಕಿಯ ಆಚೆ ನೋಡುತ್ತ ಕೂತಳು. ಎರಡು ಊರು ದಾಟಿದ ಮೇಲೆ ಕನ್ನಡದಲ್ಲೇ, "ನಂಗೆ ಅರ್ಥ ಆಯ್ತು ಮೇಡಂ. ಇನ್ಮೇಲೆ ಹೇಳಿದ್ದನ್ನೇ ಹೇಳಿ" ಎಂದಳು. ಅಷ್ಟು ತಿಂಗಳಲ್ಲಿ ಅವಳು ನಮ್ಮ ಬಸ್ಸು, ಅಂಗಡಿ, ಅಡುಗೆಮನೆಗಳಿಂದ ಕನ್ನಡ ಹೆಕ್ಕಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಎಷ್ಟು ಹೆಕ್ಕಿದ್ದಾಳೆ ಅಂತ ಗೊತ್ತಿರಲಿಲ್ಲ. ಆವತ್ತು ಸಂಜೆ ಅವಳು ಹೊಳೆಯ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದಳು. ದೂರದಿಂದ ನೋಡಿದರೆ ನಗುತ್ತಲೇ ಮಾತಾಡುತ್ತಿದ್ದಳು. ಮನೆಗೆ ಬಂದು, ಅಮ್ಮನಿಗೆ ಏನೂ ಹೇಳಲಿಲ್ಲ, ಹೇಳಿದರೆ ನಿಮ್ಮನ್ನು ಬೈಯುತ್ತಾರೆ, ಅದರಿಂದ ಏನು ಉಪಯೋಗ ಎಂದು ನಾನೇನೂ ಕೇಳದೆಯೇ ಹೇಳಿದಳು. ಮುಂದಿನ ಭಾನುವಾರ ಬಸ್ಸು ಹತ್ತುವ ಮಾತೇ ಎತ್ತಲಿಲ್ಲ. ಊರಿಗೆ ಹೊರಟುಬಿಡುತ್ತಾಳೇನೋ ಎಂದು ನನಗೆ ಭಯವಾಯಿತು.

ಬೇಸರ ಕಳೆಯಲಿ ಅಂತ ಅವಳನ್ನು ದೇವಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮತ್ತೆ, ಮೈದುನ ಬೋರೇಗೌಡ, ಅವನ ಹೆಂಡತಿ ಮಕ್ಕಳು, ಆರು ಹಸು. ಹಗೇವಿನ ಯೋಚನೆಯೇ ನನಗಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದ ಕಾಲಕ್ಕೆ ರಾಗಿ ಆಗಲೇ ಮೂಟೆಗಳಲ್ಲಿ ಇತ್ತು. ಅತ್ತೆ ನೀಮಾಳನ್ನು ಪಕ್ಕ ಕೂರಿಸಿಕೊಂಡು, ಏನು ಓದ್ತಾ ಇದ್ದೀಯವ್ವ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಅವಳೇ, "ಹಗೇವು ಓದ್ತಾ ಇದ್ದೀನಿ ಅವ್ವ" ಎಂದಳು.

"ಅಗೇವಾ? ನಮ್ಮನೇಲೇ ಐತಲ್ಲ" ಎಂದರು ಅತ್ತೆ.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಯಾರು ಕೇಳುದ್ರು ಎಂದರು.

ಬೋರೇಗೌಡನಿಗೆ ಈ ಮಾತು ಹಿಡಿಸಲಿಲ್ಲ. ಹಗೇವು ಇದ್ದದ್ದು ಮನೆಮುಂದಿನ ಕಣದಲ್ಲಿ. ಅದಕ್ಕೆ ಅವನು ಹೋದ ಸುಗ್ಗಿಯಲ್ಲಿ ಸಿಮೆಂಟು ಹಾಕಿಸಿ, ದಿನಾ ನೀರು ಹೊಡೆದು, ಕನ್ನಡಿ ಹಾಗೆ ಮಾಡಿಕೊಂಡಿದ್ದ. ಅದರ ಮೇಲೆ ಯಾರಾದರೂ ಟ್ರಾಕ್ಟರು ತಿರುಗಿಸಿದರೂ ಅವನಿಗೆ ಎದೆ ಚುರುಕ್ಕೆನ್ನುತ್ತಿತ್ತು. ಅವನು ನೀಮಾಳ ಕಡೆ ನೋಡದೆ ನನಗೆ, "ಇದೂ ಒಂದು ಓದಾ ಅತ್ಗೆ? ಅವ್ರೂರಲ್ಲಿ ಗುಂಡಿ ಇಲ್ವಂತಾ, ಇಲ್ಲೀಗಂಟ ಬಂದವ್ಳೆ?" ಎಂದ.

ನೀಮಾ ನನ್ನ ಮುಖ ನೋಡಿದಳು. ನಾನು ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳು ಉತ್ತರವನ್ನು ಕನ್ನಡದಲ್ಲಿ ಅವನಿಗೇ ಕೊಟ್ಟಳು. "ಇತ್ತು ಅಣ್ಣ. ಅಜ್ಜಿ ಮನೇಲಿ ಇತ್ತು. ತೋಡಿದವರು, ಮುಚ್ಚಿದವರು ಎಲ್ಲ ಹೋಗ್ಬುಟ್ರು. ಹೆಂಗೆ ಮಾಡ್ತಿದ್ರು ಅಂತ ಹೇಳೋರು ಯಾರೂ ಇಲ್ಲ."

ಅವರೆಕಾಯಿ ಸುಲಿಯುತ್ತಿದ್ದ ತನ್ನ ತಾಯಿಯ ಕಡೆ ಒಮ್ಮೆ ನೋಡಿ, ಬೋರೇಗೌಡ ಹಸುಗಳಿಗೆ ನೀರು ಕುಡಿಸಲು ಎದ್ದುಹೋದ. ನಾವು ಸಂಜೆ ಬಸ್ಸಿಗೆ ಗಂಜಾಂಗೆ ಬಂದೆವು. ಎರಡು ದಿನದ ಮೇಲೆ ಅವನೇ ಫೋನು ಮಾಡಿ, ಶನಿವಾರ ಬಂದುಬಿಡಿ, ಹಾರೆ ಪಿಕಾಸಿ ತಂದಿಟ್ಟಿದ್ದೀನಿ ಎಂದ. ಅತ್ಗೆ, ಒಂದೇ ಒಂದು ಕಡೆ ಒಡೆಯೋದು, ಆಮೇಲೆ ಕೇಳಬಾರದು ಎಂದೂ ಸೇರಿಸಿದ.

ಶನಿವಾರ ಅತ್ತೆ ಕಣದ ನಡುವೆ ನಿಂತು ಊರುಗೋಲಿನಿಂದ ಒಂದು ಜಾಗ ಮುಟ್ಟಿ ತೋರಿಸಿದರು. ಬೋರೇಗೌಡ ಹಲ್ಲು ಕಚ್ಚಿಕೊಂಡು ತನ್ನ ಕನ್ನಡಿಯಂಥ ಸಿಮೆಂಟಿನ ಮೇಲೆ ಹಾರೆ ಹಾಕಿದ. ಸಿಮೆಂಟು ಹೋಯಿತು, ಜಲ್ಲಿ ಹೋಯಿತು, ಮಣ್ಣು ಬಂತು, ಮಣ್ಣಿನ ಕೆಳಗೆ ಮತ್ತೆ ಮಣ್ಣು ಬಂತು, ಕೊನೆಗೆ ಬಂಡೆ ಸಿಕ್ಕಿತು. ಹಗೇವು ಇಲ್ಲ. ಅವನು ಅಲ್ಲೇ ತಲೆಯ ಮೇಲೆ ಕೈಹೊತ್ತು ಕೂತ. ಅತ್ತೆ ಒಂದಿಷ್ಟೂ ಅಳುಕಲಿಲ್ಲ. ಹುಣಸೆಮರದಿಂದ ಇಷ್ಟು ದೂರ ಅಂತ ನನ್ನ ಲೆಕ್ಕ, ಈಗ ಮರ ಎಲ್ಲಿ, ಕಡಿಸಿದೋನು ನೀನೇ ತಾನೆ ಎಂದು ಅವನನ್ನೇ ಕೇಳಿದರು. ಮರ ಕಡಿಸಿ ಹತ್ತು ವರ್ಷ ಆಗಿತ್ತು. ಇಬ್ಬರಿಗೂ ಅದರ ಮೇಲೆ ಮಾತಿಗೆ ಮಾತು ಬೆಳೆಯಿತು. ನೀಮಾ ಎರಡೂ ಕೈ ಕಟ್ಟಿಕೊಂಡು, ಬಿಡಿ ಅಣ್ಣ, ಸಾಕು, ನಾನು ಬೇರೆ ಏನಾದರೂ ಬರೆಯುತ್ತೇನೆ ಎಂದಳು. ಅವಳ ಮುಖ ನೋಡಲಾಗದೆ ನಾನು ಒಳಗೆ ಹೋದೆ.

ಒಳಗೆ ನಡುಮನೆಯ ಮೂಲೆಯಲ್ಲಿ ಒನಕೆ ಕಂಡಿತು. ನನಗೆ ಹೊಳೆದದ್ದು ಬಹಳ ಸರಳವಾದ ಯೋಚನೆ: ಕೆಳಗೆ ಟೊಳ್ಳಿದ್ದರೆ ಸದ್ದು ಬೇರೆ ಬರಬೇಕಲ್ಲ. ತಂದು ಕಣದ ಮೇಲೆ ಕುಟ್ಟಿದೆ. ಬೋರೇಗೌಡನ ಹೆಂಡತಿ ನೆಲಕ್ಕೆ ಕಿವಿಕೊಟ್ಟಳು. ಆಮೇಲೆ ಮನೆಯವರೆಲ್ಲ ಸೇರಿಕೊಂಡರು. ಹಾದಿಯಲ್ಲಿ ಹೋಗುವವರು ನಿಂತು, ಗೌಡರ ಮನೆಯಲ್ಲಿ ಏನು ಪೂಜೆ ಎಂದು ವಿಚಾರಿಸಿದರು. ನಾನು ಕುಟ್ಟುವುದು, ನೀಮಾ ನೆಲದ ಮೇಲೆ ಬೋರಲು ಮಲಗಿ ಕೇಳುವುದು, ಒಂದು ಗೇಣು ಸರಿಯುವುದು. ಸಿಮೆಂಟು ಕಾದು ಅವಳ ಕೆನ್ನೆ ಸುಡುತ್ತಿತ್ತು. ದನದ ಕೊಟ್ಟಿಗೆಯ ಹತ್ತಿರ ಬಂದಾಗ ಅವಳು ಕೈಯೆತ್ತಿ ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಕುಟ್ಟಿದೆ. ಮಡಕೆಯ ಮೇಲೆ ಬೆರಳು ಬಡಿದ ಹಾಗೆ, ದುಮ್ ಅಂದಿತು. ನನಗೂ ಕೇಳಿಸಿತು. ಬೋರೇಗೌಡ ನನ್ನ ಕೈಯಿಂದ ಒನಕೆ ಕಿತ್ತುಕೊಂಡು ತಾನೇ ಒಮ್ಮೆ ಕುಟ್ಟಿ ಕೇಳಿದ. ಆಮೇಲೆ ಯಾರೂ ಹೇಳದೆಯೇ ಹಾರೆ ತಂದ. ಒಂದೇ ಕಡೆ ಒಡೆಯುತ್ತೇನೆ ಅಂದಿದ್ದನ್ನು ಯಾರೂ ನೆನಪು ಮಾಡಲಿಲ್ಲ.

ಚಪ್ಪಡಿ ಎತ್ತಿದಾಗ ಹಳೆಯ ಹುಲ್ಲಿನ, ಮುಗ್ಗಲಿನ, ನೆಲದೊಳಗಿನ ತಂಪಿನ ವಾಸನೆ ಬಂತು. ನೀಮಾ ಬಗ್ಗಲು ಹೋದಳು. ಅತ್ತೆ ಅವಳ ಜಡೆಗಳನ್ನೇ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಮುಚ್ಚಿದ ಹಗೇವಿನೊಳಗೆ ಉಸಿರು ಕಟ್ಟುವ ಗಾಳಿ ತುಂಬಿರುತ್ತದೆ, ತಿಳಿಯದೆ ಇಳಿದು ಸತ್ತವರಿದ್ದಾರೆ ಎಂದು ಹೇಳಿದರು. ತಗಡಿನ ಡಬ್ಬದಲ್ಲಿ ದೀಪ ಹಚ್ಚಿ ಹಗ್ಗ ಕಟ್ಟಿ ಇಳಿಬಿಟ್ಟೆವು. ಬಾಯಿ ದಾಟಿ ಸ್ವಲ್ಪ ಕೆಳಗೆ ಹೋದದ್ದೇ ದೀಪ ಹಾಗೇ ಆರಿಹೋಯಿತು. ಗಾಳಿ ಬೀಸಿ ಆರಿದ ಹಾಗಲ್ಲ, ಯಾರೋ ಬೆರಳಲ್ಲಿ ಹಿಸುಕಿದ ಹಾಗೆ. ಬಾಯಿ ತೆಗೆದೇ ಬಿಟ್ಟು, ಸುತ್ತ ಮುಳ್ಳು ಹಾಕಿ, ಬೋರೇಗೌಡ ರಾಗಿ ತೂರುವ ಫ್ಯಾನನ್ನು ತಂದು ಅದರ ಮೇಲೆ ತಿರುಗಿಸಿ ಇಟ್ಟ. ಮಾರನೆಯ ದಿನ ಮಧ್ಯಾಹ್ನ ದೀಪ ತಳದವರೆಗೂ ಹೋಗಿ ಉರಿಯಿತು. ಎಳೆದುಕೊಂಡು, ಸಮಾಧಾನವಾಗದೆ ಮತ್ತೆ ಇಳಿಬಿಟ್ಟೆವು. ಆಗಲೂ ಉರಿಯಿತು.

ಇಳಿಯುವವರು ಯಾರು? ಬೋರೇಗೌಡ ಮುಂದೆ ಬಂದ. ಹಗೇವಿನ ಬಾಯಿ ಅವನ ಹೊಟ್ಟೆಗೆ ಒಪ್ಪಲಿಲ್ಲ. ತಾನು ಹೊಸ ಸೊಸೆಯಾಗಿದ್ದಾಗ ಮನೆಯಲ್ಲಿ ಎಲ್ಲರಿಗಿಂತ ಸಣ್ಣಗಿದ್ದವಳು ತಾನೇ, ತನ್ನನ್ನೇ ಇಳಿಸುತ್ತಿದ್ದರು ಎಂದು ಅತ್ತೆ ಹೇಳಿದರು. ಒಳಗೆ ಹೆದರಿಕೆ ಆಗುತ್ತಿತ್ತಾ ಎಂದು ನೀಮಾ ಕೇಳಿದಳು. ಅದೇನೋ, ಆ ಮನೇಲಿ ನನ್ನ ಕೂಗೋರು ಇಲ್ದಿದ್ದ ಜಾಗ ಅದೊಂದೇ ಕಣವ್ವ ಎಂದರು ಅತ್ತೆ. ನೀಮಾ ನಕ್ಕು, ತಾನೇ ಇಳಿಯುತ್ತೇನೆ ಎಂದು ಚಪ್ಪಲಿ ಬಿಟ್ಟಳು.

ಯಾರದೋ ಮನೆಯ ಮಗಳು, ಸಮುದ್ರದ ಆಚೆಯಿಂದ ಬಂದವಳು. ಏನಾದರೂ ಆದರೆ ಅವಳ ತಾಯಿಗೆ ಏನು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ? ಬೇಡ ಎಂದೆ. ಅವಳು, ದೀಪ ಉರಿಯಿತಲ್ಲ ಮೇಡಂ ಎಂದಳು. ಬೋರೇಗೌಡ ಹಗ್ಗವನ್ನು ಅವಳ ಸೊಂಟಕ್ಕೂ ತೋಳಿಗೂ ಸುತ್ತಿ ಗಂಟು ಹಾಕಿ, ಜಗ್ಗಿ ನೋಡಿ, ಮತ್ತೆ ಬಿಚ್ಚಿ ಇನ್ನೊಂದು ಥರ ಹಾಕಿದ. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಮೊದಲು ಕಾಲು, ಆಮೇಲೆ ಭುಜ, ಕೊನೆಗೆ ಜಡೆಗಳೂ ಒಳಗೆ ಹೋದವು.

ಒಳಗಿಂದ ಟಾರ್ಚಿನ ಬೆಳಕು ಆಡುತ್ತಿತ್ತು. ಪ್ರತಿ ಗಳಿಗೆಗೂ ನಾನು ನೀಮಾ ಎಂದು ಕರೆಯುತ್ತಿದ್ದೆ, ಅವಳು ಹೂಂ ಎನ್ನುತ್ತಿದ್ದಳು. ರಾಗಿ ಇದೆಯಾ ಎಂದು ಸುತ್ತ ಸೇರಿದ್ದವರು ಕೇಳಿದರು. ತಳದಲ್ಲಿ ಕರ್ರಗೆ ಗಟ್ಟಿಯಾದ ಒಂದು ಪದರ ಬಿಟ್ಟು ಏನೂ ಇಲ್ಲ ಎಂದಳು. ನಿಧಿ ಗಿಧಿ ಸಿಗಬಹುದೆಂದು ಬಂದಿದ್ದವರು ಬೀಡಿ ಹಚ್ಚಿಕೊಂಡು ಹೊರಟರು. ಅವಳಿಗೆ ಮಾತ್ರ ಖಾಲಿ ಇದ್ದದ್ದೇ ಖುಷಿ. ಗೋಡೆ ಕಾಣುತ್ತದೆ, ಹಾರೆಯ ಗುರುತು ಕಾಣುತ್ತದೆ, ಹುಲ್ಲು ಹೇಗೆ ಹೆಣೆದಿದ್ದಾರೆ ಎಂಬುದೂ ಕಾಣುತ್ತದೆ ಎಂದು ಕೂಗಿ ಹೇಳಿದಳು. ಅಳತೆ ತೆಗೆದಳು, ಮಣ್ಣು ಕೆರೆದು ಡಬ್ಬಿಗೆ ತುಂಬಿ ಮೇಲೆ ಕಳಿಸಿದಳು. ಆಮೇಲೆ ಸದ್ದಿಲ್ಲ. ಕರೆಯಬೇಕು ಅನ್ನುವಷ್ಟರಲ್ಲಿ ಒಳಗಿಂದ ಮಾತು ಕೇಳಿಸಿತು. ಅವಳ ಭಾಷೆಯಲ್ಲಿ, ಮೆಲ್ಲಗೆ, ಒಂದೇ ಸಮನೆ. ಯಾರ ಜೊತೆ ಮಾತಾಡ್ತಾವ್ಳೆ ಎಂದು ಅತ್ತೆ ನನ್ನನ್ನು ಕೇಳಿದರು. ನನಗೆ ಅದರಲ್ಲಿ ಗೊತ್ತಾದದ್ದು 'ಮಾಮಾ' ಎಂಬ ಒಂದು ಪದ. ಅವರಲ್ಲಿ ಅದು ಸೋದರಮಾವ ಅಲ್ಲ, ಅಮ್ಮ.

ಮೇಲೆ ಬಂದಾಗ ಅವಳ ಮುಖದ ತುಂಬ ಮಣ್ಣು, ಕಣ್ಣಿನ ಕೆಳಗೆ ಎರಡು ಗೆರೆ ಮಾತ್ರ ತೊಳೆದಂತಿತ್ತು. ಒಳಗೆ ನೆಟ್‌ವರ್ಕ್ ಇಲ್ಲ, ಅದಕ್ಕೇ ಮಾತನ್ನು ರೆಕಾರ್ಡು ಮಾಡಿಕೊಂಡೆ ಎಂದು ಫೋನು ಒತ್ತಿ ಅಮ್ಮನಿಗೆ ಕಳಿಸಿದಳು. ನಾವು ಕೈಕಾಲು ತೊಳೆದು ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಷ್ಟರಲ್ಲಿ ಅಮ್ಮನೇ ವಿಡಿಯೋ ಕರೆ ಮಾಡಿದರು. ದಪ್ಪ ಮುಖದ, ತಲೆಗೆ ಬಣ್ಣದ ಬಟ್ಟೆ ಕಟ್ಟಿದ ಹೆಂಗಸು. ಬಹಳ ಹೊತ್ತು ಮಗಳ ಮುಖವನ್ನೇ ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ನೀಮಾ ಉತ್ತರ ಕೊಡದೆ ಫೋನನ್ನು ಬೋರೇಗೌಡನ ಕಡೆ ತಿರುಗಿಸಿದಳು.

"ಹಗ್ಗ ಹಿಡಿದಿದ್ದವರು ಯಾರು ಅಂತ ಕೇಳ್ತಾ ಇದ್ದಾರೆ ಅಣ್ಣ."

ಬೋರೇಗೌಡ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತ. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವರ ಹಾಗೆ ನೆಟ್ಟಗೆ ನಿಂತು, "ನಾನೇ ಕಣವ್ವ. ಸೊಂಟಕ್ಕೇ ಕಟ್ಕಂಡಿದ್ದೆ, ಬುಡ್ತಿರ್ನಿಲ್ಲ ಅಂತ ಹೇಳು" ಎಂದ. ನೀಮಾ ಅದನ್ನು ಇದ್ದ ಹಾಗೆಯೇ ತಿರುಗಿಸಿ ಹೇಳಿದಳು ಅಂತ ಕಾಣುತ್ತದೆ, ಯಾಕೆಂದರೆ ಆ ತಾಯಿ ಅವನ ಸೊಂಟದ ಕಡೆ ಬೆರಳು ತೋರಿಸಿ ಏನೋ ಹೇಳಿ, ಎರಡೂ ಕೈಯನ್ನು ಎದೆಗೆ ಒತ್ತಿಕೊಂಡರು.

ಪ್ರಬಂಧ ಮುಗಿಯಿತು, ಒಳ್ಳೆಯ ಅಂಕಗಳೇ ಬಂದವು. ನೀಮಾ ಊರಿಗೆ ಹೊರಟಾಗ ನಾವೂ ಒಂದು ಟೆಂಪೋ ಜನ ಏರ್‌ಪೋರ್ಟಿಗೆ ಹೋಗಿ ಅತ್ತು ಬಂದೆವು, ಮೆಣಸಿನಪುಡಿಯನ್ನೂ ಕಟ್ಟಿಕೊಟ್ಟೆವು. ಆ ಚಪ್ಪಟೆ ಕೋಲನ್ನು ಅವಳು ಅಮ್ಮನಿಂದ ತರಿಸಿ ನನಗೆ ಕೊಟ್ಟದ್ದು ಆವತ್ತೇ. ನಾನು ಅದರಲ್ಲಿ ಒಮ್ಮೆ ಮುದ್ದೆ ತಿರುವಲು ಹೋಗಿ ಗಂಟು ಗಂಟು ಮಾಡಿಟ್ಟೆ. ಬೋರೇಗೌಡ ಮೊದಲು ಒಡೆದಿದ್ದ ತಪ್ಪು ಗುಂಡಿಗೆ ಮಾತ್ರ ಸಿಮೆಂಟು ಮುಚ್ಚಿಸಿದ. ಹಗೇವಿನ ಮೇಲೆ ಚಪ್ಪಡಿ ಇಟ್ಟುಕೊಂಡಿದ್ದಾನೆ, ಬಂದ ನೆಂಟರಿಗೆಲ್ಲ ನಮ್ಮ ರಿಸರ್ಚ್ ಗುಂಡಿ ಎಂದು ತೋರಿಸುತ್ತಾನೆ. ಸುಗ್ಗಿಯಲ್ಲಿ ಅದಕ್ಕೆ ಸ್ವಲ್ಪ ರಾಗಿ ಸುರಿದನಂತೆ. ಏನಾಗುತ್ತದೋ ನೋಡೋಣ ಅಂತ ಅಷ್ಟೇ, ಬೇರೇನಿಲ್ಲ ಎಂದ.

ಈಚೆಗೆ ನಾನು ದೇವಲಾಪುರದಲ್ಲಿದ್ದಾಗ ನೀಮಾ ವಿಡಿಯೋ ಕರೆ ಮಾಡಿದಳು. ತನ್ನ ಊರಿನಲ್ಲಿ, ಅಜ್ಜಿಯ ಮನೆಯ ಹಿತ್ತಲಲ್ಲಿ ನಿಂತಿದ್ದಳು. ಹಿಂದೆ ಮೂರು ನಾಲ್ಕು ಜನ ಗುದ್ದಲಿ ಹಿಡಿದಿದ್ದರು, ನಡುವೆ ಅರ್ಧ ತೋಡಿದ ಗುಂಡಿ. ಅತ್ತೆಗೆ ತೋರಿಸಿ ಎಂದಳು. ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಬಾಯಿ ಅಗ್ಲ ಮಾಡ್ಬುಟ್ಟವ್ರೆ. ಒಬ್ಬಾಳು ತೂರೋವಷ್ಟು ಸಾಕು ಅನ್ನು" ಎಂದರು. ನೀಮಾ ತಿರುಗಿ ಅವರಿಗೆ ಹೇಳಿದಳು. ಅವರಲ್ಲಿ ಟೋಪಿ ಹಾಕಿದ್ದ ಒಬ್ಬ ಮುದುಕರು ತಲೆಯಾಡಿಸಿ, ಗುಂಡಿಯ ಅಂಚನ್ನು ತೋರಿಸಿ ಏನೋ ವಾದ ಮಾಡಿದರು.

"ಏನಂತೆ?" ಎಂದರು ಅತ್ತೆ.

"ಕಿರಿದು ಮಾಡಿದ್ರೆ ಕುಸೀತದಂತೆ ಅವ್ವ. ಇಲ್ಲಿ ಮಣ್ಣು ಬೇರೆ ಅಂತಾರೆ."

ಅತ್ತೆ ಸುಮ್ಮನಾದರು. ಅವರು ಮಾತಿಗೆ ಸೋತದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಆದರೆ ಅದು ಸೋಲಲ್ಲ, ಯೋಚನೆ ಎಂದು ಆಮೇಲೆ ತಿಳಿಯಿತು. "ಯಾವ ಮಣ್ಣು? ಒಂದು ಹಿಡಿ ತೋರ್ಸಾಕೇಳು" ಎಂದರು.

ಟೋಪಿಯ ಮುದುಕರು ಗುಂಡಿಗೆ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಫೋನಿಗೆ ಅಡ್ಡ ಹಿಡಿದರು. ಪರದೆಯ ತುಂಬ ಕೆಂಪಗೆ, ಪುಡಿಪುಡಿಯಾದ ಮಣ್ಣು. ಅತ್ತೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ತೋರುಬೆರಳನ್ನು ಗಾಜಿನ ಮೇಲೆ ಒತ್ತಿ, ತೆಗೆದು, ಹೆಬ್ಬೆರಳಿಗೆ ಉಜ್ಜಿ ನೋಡಿದರು.